ರೀಮ್ಸ್ ನಗರದ ಸಂದರ್ಶನ

ಫ್ರಾನ್ಸ್ ದೇಶವನ್ನು ನೋಡಲು ಹೋದವರಲ್ಲಿ ಹೆಚ್ಚಿನವರು ಪ್ಯಾರಿಸ್ ಪಟ್ಟಣದ ವೈಭವವನ್ನು ಕಂಡು, ಅಷ್ಟಕ್ಕೇ ತೃಪ್ತರಾಗಿ ಹಿಂದಿರುಗುವರು. ಆದರೆ ಆ ದೇಶದ ಪೂರ್ವಚರಿತ್ರೆಯನ್ನೂ, ಮಹಾಯುದ್ಧಗಳಲ್ಲಿ ಅದು ಪಟ್ಟ ಪಾಡನ್ನೂ ಒಂದೇ ಸ್ಥಳದಲ್ಲಿ ಅರಿಯಬೇಕೆಂಬವರು ಪ್ಯಾರಿಸಿಗೆ ಈಶಾನ್ಯದಲ್ಲಿ ಸುಮಾರು ೧೩೦ ಕಿಲೋಮೀಟರು ದೂರವಿರುವ ರೀಮ್ಸ್ ನಗರಕ್ಕೆ ಹೋಗಬೇಕು. ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯ ಪ್ರಯಾಣ. ಬೆಳಗ್ಗೆ ಹೊರಟವರು ಸಂಜೆಗೆ ಮರಳಬಹುದು. ಶಾಂಪೇನ್ ಎಂಬ ನೊರೆಯುಕ್ಕುವ ದ್ರಾಕ್ಷಾಸವದಿಂದ ಈ ಊರು ಲೋಕವಿಖ್ಯಾತವಾಗಿದೆ. ಪಾನವನ್ನು ವರ್ಜಿಸಿದ ನಮಗೆ ಅಲ್ಲೇನು ಕೆಲಸವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಒಂದು ಹನಿಯನ್ನೂ ಮುಟ್ಟದವರಿಗೂ ಅಲ್ಲಿ ನೋಡತಕ್ಕುದು, ತಿಳಿಯತಕ್ಕುದು ಬೇಕಾದಷ್ಟುಂಟು.

ಊರಿನ ನಡುವೆ ನೋತ್ರದಾಂ ಎಂಬ ಮಹಾದೇವಾಲಯವು ತನ್ನ ಎರಡು ಗೋಪುರಗಳನ್ನೆತ್ತಿ ನಿಂತಿದೆ. ಐದನೆಯ ಶತಮಾನದ ಕೊನೆಯ ಸುಮಾರಿಗೆ ಫ್ರಾಂಕರ ಅರಸನಾದ ಕ್ಲೋವಿಸನು ಇಲ್ಲಿಯ ಬಿಷಪ್ಪನಾಗಿದ್ದ ಸಂತ ರೆಮಿಯಿಂದ ಕ್ರೈಸ್ತದೀಕ್ಷೆಯನ್ನು ಪಡೆದನು. ಆ ನೆನಪಿನ ಬಲದಿಂದ ಮುಂದೆ ಫ್ರಾನ್ಸಿನ ದೊರೆಗಳಲ್ಲಿ ಬಹುಮಂದಿ ಇಲ್ಲಿಗೇ ಬಂದು ಪಟ್ಟಾಭಿಷಿಕ್ತರಾದರು. ಈಗಿರುವ ದೇವಾಲಯಕ್ಕೆ ೧೨೧೧ರಲ್ಲಿ ಅಸ್ತಿಭಾರ ಬಿದ್ದಿತು. ೧೪೨೯ನೆಯ ಜುಲೈ ೧೭ರಂದು ಏಳನೆಯ ಚಾರ್ಲ್ಸನಿಗೆ ಇಲ್ಲಿ ಕಿರೀಟಧಾರಣೆಯಾದಾಗ, ಶತ್ರುಗಳ ನಡುವೆ ದಾರಿ ಬಿಡಿಸಿ ಅವನನ್ನು ಕರೆತಂದ ರೈತಕನ್ಯೆ ಜೋನ್ ತನ್ನ ಧ್ವಜವನ್ನು ಹಿಡಿದು ಸಮೀಪದಲ್ಲಿಯೇ ನಿಂತಿದ್ದಳು. ಎರಡು ವರ್ಷ ತುಂಬುವುದರೊಳಗಾಗಿ ವೈರಿಗಳು ಆಕೆಯನ್ನು ಸಜೀವವಾಗಿ ದಹಿಸಿದರು. ಇಲ್ಲಿ ಕೊನೆಯ ಪಟ್ಟಾಭಿಷೇಕ ನಡೆದುದು ೧೮೨೫ರಲ್ಲಿ. ದೇವಾಲಯದಲ್ಲಿರುವ ಶಿಲಾಪ್ರತಿಮೆಗಳು ೨,೩೦೦ಕ್ಕೂ ಮಿಕ್ಕಿವೆ. ಅವುಗಳಲ್ಲಿ ಮುಂಬಾಗಿಲ ಪಕ್ಕದಲ್ಲಿ ಮುಗುಳ್ನಗುತ್ತ ನಿಂತ ದೇವದೂತನೇ ಎಲ್ಲರಿಗೂ ಅಚ್ಚುಮೆಚ್ಚು.

ಆ ನಗೆಗೂ ಒಂದು ದುರ್ದಿನ ಬಂದಿತು. ೧೯೧೪ರ ಸೆಪ್ಟೆಂಬರಿನಲ್ಲಿ ಊರನ್ನು ಕೆಲವು ದಿನ ಹಿಡಿದಿದ್ದು ಹಿಮ್ಮೆಟ್ಟಿದ ಜರ್ಮನ್ ಸೈನ್ಯವು ಸುತ್ತಣ ದಿಣ್ಣೆಗಳ ಮೇಲಿಂದ ಫಿರಂಗಿ ಹೊಡೆಯತೊಡಗಿತು. ೧೯ನೆಯ ತಾರೀಖು, ದುರಸ್ತಿಗಾಗಿ ಗೋಪುರಕ್ಕೆ ಕಟ್ಟಿದ್ದ ಮರದ ಸಾರುವೆಗೆ ಬೆಂಕಿ ಹತ್ತಿ, ಮಾಡೆಲ್ಲವೂ ಉರಿದು, ಅದಕ್ಕೆ ಹೊದಿಸಿದ್ದ ಸೀಸವು ಕರಗಿ ಹರಿಯಿತು. ದೇವದೂತನ ತಲೆ ಮುರಿದು ಕೆಳಗೆ ಬಿದ್ದಿತು. ಆ ಸಮಯದಲ್ಲಿ ದೇವಾಲಯದೊಳಗೆ ಹುಲ್ಲಿನ ಮೇಲೆ ಮಲಗಿದ್ದವರು ಗಾಯಗೊಂಡ ಜರ್ಮನ್ ಸೆರೆಯಾಳುಗಳು! ಹೊರಗೆ ಜನರು ರೋಷದಿಂದ ಕುದಿಯುತ್ತಿರಲು, ಅಲ್ಲಿಯ ಪಾದ್ರಿಗಳು ತಾವೇ ಅಡ್ಡನಿಂತು ಆ ಶತ್ರುಗಳನ್ನು ಹೊರತಂದು ಉಳಿಸಲೆಳಸಿದರು. ಕಟ್ಟಡವು ಸುಟ್ಟುಹೋದ ದಿನವೂ ಧರ್ಮವು ಉಳಿದಿತ್ತೆನ್ನಬೇಕು.

ಗುಂಡಿನ ಮಳೆ ಸಾವಿರ ದಿನಗಳಿಗೂ ಮೇಲ್ಪಟ್ಟು ಸುರಿಯಿತು. ಹಾಗಾದರೆ ಊರಿನವರು ಎಲ್ಲಿ ತಲೆಮರೆಸಿಕೊಂಡರು? ಇದಕ್ಕೆ ಉತ್ತರ ಬೇಕಾದರೆ ನೆಲದ ಕೆಳಕ್ಕೆ ಇಳಿಯಬೇಕು. ಈ ಸೀಮೆಯ ಭೂಮಿಯೆಲ್ಲ ಮೆದುವಾದ ಬಿಳಿಯ ಸುಣ್ಣಕಲ್ಲು. ಹಿಂದಿನವರು ಕಟ್ಟಡದ ಕಲ್ಲಿಗಾಗಿ ತೋಡಿದ ಗಣಿಗಳು, ಬಾಯಿ ಕಿರಿದು ತಳ ಅಗಲವಾಗಿ, ನೂರು ಅಡಿಯವರೆಗೂ ಆಳವಾಗಿವೆ. ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಅಲ್ಲಿ ಒಂದೇ ಸಮನಾದ ತಂಪು. ಇದೇ ಶಾಂಪೇನಿಗೆ ತಕ್ಕ ತಾಣವಾಯಿತು. ಏಕೆಂದರೆ ಈ ಆಸವವು ಸೀಸೆಯೊಳಗೆ ಎರಡನೆಯ ಬಾರಿ ಹುದುಗಬೇಕು. ಆಗ ಹುಟ್ಟುವ ವಾಯುವು ಹೊರಬೀಳಲಾರದೆ ಒಳಗೇ ಅಡಗುವುದು. ಮೋಟಾರು ಚಕ್ರದೊಳಗಣ ಗಾಳಿಗಿಂತಲೂ ಅದರ ಒತ್ತಡವು ಎರಡು ಪಟ್ಟಿಗೆ ಕಡಮೆಯಿಲ್ಲ. ಸೀಸೆಗಳನ್ನು ತಲೆಕೆಳಗಾಗಿ ಓರೆಯಿಟ್ಟು, ದಿನದಿನವೂ ಇಷ್ಟಿಷ್ಟೇ ತಿರುಗಿಸಿದರೆ ಗಸಿಯೆಲ್ಲವೂ ಬಿರಡೆಯ ಬಳಿಗೆ ಇಳಿಯುವುದು. ಆಮೇಲೆ ಅದನ್ನು ಹೊರಚಿಮ್ಮಿಸಿ ಹೊಸ ಬಿರಡೆಯನ್ನು ಹಾಕುವರು. ಇಂದು ಈ ತಿರುಗಿಸುವ ಕೆಲಸವನ್ನು ಬಹುಮಟ್ಟಿಗೆ ಯಂತ್ರಗಳೇ ಮಾಡುತ್ತವೆ.

ಈ ಉದ್ಯಮವನ್ನು ಬೆಳೆಯಿಸಿದವರಲ್ಲಿ ಇಬ್ಬರು ವಿಧವೆಯರನ್ನು ನಮ್ಮ ಸೋದರಿಯರು ಅರಿತಿರಬೇಕು. ಗಂಡನ ಅನುಮತಿಯಿಲ್ಲದೆ ಹೆಂಡತಿಯು ವ್ಯಾಪಾರ ನಡೆಸಲಾಗದಿದ್ದ ಕಾಲವದು. ಬಾರ್ಬ್-ನಿಕೋಲ್ ಕ್ಲಿಕೋ ಎಂಬಾಕೆ ೧೮೦೫ರಲ್ಲಿ ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡು, ವ್ಯಾಪಾರದ ಹೊಣೆಯನ್ನು ತಾನೇ ಹೊತ್ತಳು. ನೆಪೋಲಿಯನ್ನನ ಯುದ್ಧಗಳಿಂದ ಕಡಲದಾರಿಗಳು ಕೆಟ್ಟಿದ್ದಾಗ, ೧೮೧೪ರಲ್ಲಿ, ಧೈರ್ಯ ಮಾಡಿ ರಷ್ಯಕ್ಕೆ ಹಡಗನ್ನು ಕಳುಹಿಸಿ ಗೆದ್ದಳು. ಲೂಯೀಸ್ ಪೊಮ್ಮೆರಿ ಎಂಬಾಕೆಯೂ ೧೮೫೮ರಲ್ಲಿ ವಿಧವೆಯಾದ ಮೇಲೆ ವ್ಯಾಪಾರವನ್ನು ಕೈಕೊಂಡು, ಹಾಳುಬಿದ್ದಿದ್ದ ಸುಣ್ಣದ ಗಣಿಗಳನ್ನು ಒಂದಕ್ಕೊಂದು ಸೇರಿಸಿ ವಿಶಾಲವಾದ ನೆಲಮಾಳಿಗೆಗಳನ್ನು ಮಾಡಿಸಿದಳು.

ಆಕೆ ಸೀಸೆಗಳಿಗೆಂದು ಸಿದ್ಧಪಡಿಸಿದ ಆ ಮಾಳಿಗೆಯಲ್ಲಿಯೇ ೧೯೧೪ರ ಡಿಸೆಂಬರಿನಲ್ಲಿ ಮಕ್ಕಳ ಪಾಠಶಾಲೆ ತೆರೆಯಿತು. ಊರಿನ ಇತರ ನೆಲಮಾಳಿಗೆಗಳಲ್ಲಿಯೂ ಶಾಲೆಗಳಾದುವು. ಮೇಲೆ ಮನೆಗಳು ಕುಸಿಯುತ್ತಿರಲು ಕೆಳಗೆ ದೀಪದ ಬೆಳಕಿನಲ್ಲಿ ಮಕ್ಕಳು ಕಾಗುಣಿತ ಲೆಕ್ಕಗಳನ್ನು ಕಲಿತರು; ವಿಷವಾಯುವಿನಿಂದ ಕಾಪಾಡುವ ಮುಸುಕನ್ನು ಧರಿಸುವ ಪಾಠವೂ ಅದರೊಡನೆ ಸೇರಿತು. ಅಲ್ಲಿಯೇ ಅಡುಗೆ, ಅಲ್ಲಿಯೇ ನಿದ್ರೆ, ಅಲ್ಲಿಯೇ ಪ್ರಾರ್ಥನೆ. ಗಂಡಸರು ರಣರಂಗಕ್ಕೆ ಹೋಗಿದ್ದುದರಿಂದ ಆ ವರ್ಷದ ದ್ರಾಕ್ಷಿಯನ್ನು ಹೆಂಗಸರು, ಮುದುಕರು, ಮಕ್ಕಳು ಗುಂಡಿನ ಸದ್ದಿನ ನಡುವೆಯೇ ಕೊಯ್ದರು.

ಯುದ್ಧವು ಮುಗಿದಾಗ ನಗರದ ಬಹುಭಾಗ ಕಲ್ಲುರಾಶಿಯಾಗಿತ್ತು. ಅಮೆರಿಕದ ರಾಕ್‌ಫೆಲ್ಲರನು ಧನಸಹಾಯ ಮಾಡಿದನು. ಆಂರಿ ದೆನೂ ಎಂಬ ಶಿಲ್ಪಿಯು ಮರಕ್ಕೆ ಬದಲಾಗಿ, ಬೆಂಕಿ ಹತ್ತದ ಕಾಂಕ್ರೀಟಿನ ತುಂಡುಗಳಿಂದ ಮಾಡನ್ನು ಕಟ್ಟಿದನು. ದೇವದೂತನಿಗೆ ೧೯೨೬ರಲ್ಲಿ ತಲೆ ಮರಳಿ ಬಂದಿತು. ೧೯೩೮ರಲ್ಲಿ ದೇವಾಲಯವು ಪುನಃ ತೆರೆಯಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೫ನೆಯ ಮೇ ೭ರ ನಸುಕಿಗೆ ಮೊದಲು, ಜರ್ಮನ್ ಸೇನಾನಿಯು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದುದು ಇದೇ ಊರಿನ ಒಂದು ಶಾಲೆಯ ಕೋಣೆಯಲ್ಲಿ. ಗೋಡೆಗಳ ಮೇಲಣ ಭೂಪಟಗಳೊಡನೆ ಅದನ್ನು ಹಾಗೆಯೇ ಉಳಿಸಿದ್ದಾರೆ. ೧೯೬೨ರಲ್ಲಿ ಫ್ರಾನ್ಸಿನ ದ ಗಾಲ್, ಜರ್ಮನಿಯ ಅಡೆನೋವರ್ ಇಬ್ಬರೂ ಈ ದೇವಾಲಯದಲ್ಲಿ ಒಟ್ಟಿಗೆ ಪೂಜೆಯಲ್ಲಿ ಪಾಲ್ಗೊಂಡರು.

ಇಲ್ಲಿಗೆ ಹೋದವರು ದೇವಾಲಯದ ಪೂರ್ವದ ತುದಿಯವರೆಗೂ ನಡೆಯಬೇಕು. ಅಲ್ಲಿ ಚಿತ್ರಕಾರ ಶಗಾಲನು ೧೯೭೪ರಲ್ಲಿ ಕೊಟ್ಟ ನೀಲಿಯ ಗಾಜಿನ ಕಿಟಕಿಗಳಿವೆ. ಅವುಗಳ ಎರಡು ಮಗ್ಗುಲಿಗೆ ಕೆಂಪು, ಹಳದಿ, ನೀಲಿ ಬಣ್ಣಗಳ ಹೊಸ ಕಿಟಕಿಗಳಿವೆ. ೨೦೧೧ರಲ್ಲಿ ಇವುಗಳನ್ನು ರಚಿಸಿಕೊಟ್ಟವನು ಇಮಿ ಕ್ನೋಬೆಲ್ ಎಂಬ ಜರ್ಮನ್ ಕಲಾವಿದನು! ಪೂರ್ವಿಕರ ಸೊತ್ತನ್ನು ಕಾಪಾಡುವುದು ದೊಡ್ಡ ಕೆಲಸ. ಹಾಳಾದುದನ್ನು ಮರಳಿ ಕಟ್ಟಿ, ಕೆಡವಿದವರ ಮಕ್ಕಳಿಗೂ ಅದರಲ್ಲಿ ಕೈಜೋಡಿಸಲು ಎಡೆಮಾಡಿಕೊಡುವುದು ಅದಕ್ಕಿಂತಲೂ ದೊಡ್ಡದು. ರೀಮ್ಸ್ ನಗರದವರು ಈ ಎರಡನ್ನೂ ಮಾಡಿದ್ದಾರೆ.