ಬಿಲ್ಲಿನ ಕೊನೆಯ ಸಾಲು

ವಾಷಿಂಗ್ ಮೆಷಿನ್ ಆರಿಸಿಯಾಗಿತ್ತು. ಐನೂರು ರೂಪಾಯಿಯ ಚೌಕಾಸಿಯೂ ಮುಗಿದು, ಅಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಬಿಲ್ಲು ಹಾಕುವ ಹುಡುಗ ಕೀಬೋರ್ಡಿನಿಂದ ಕೈ ತೆಗೆಯದೆಯೇ ಕೇಳಿದ: 'ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಬಿಡ್ಲಾ ಸಾರ್? ಮೂರು ಸಾವಿರಕ್ಕೆ ಇನ್ನೂ ಎರಡು ವರ್ಷ.' ನಾನು ಬೇಡ ಅನ್ನುವಷ್ಟರಲ್ಲಿ ಅವನು ಅಮ್ಮನ ಕಡೆ ತಿರುಗಿದ್ದ. 'ಈಗಿನ ಮೆಷಿನ್ನು ಎಲ್ಲಾ ಬೋರ್ಡಿನ ಮೇಲೇ ಅಮ್ಮಾ. ಬೋರ್ಡ್ ಹೋದ್ರೆ ಎಂಟು ಸಾವಿರ.'

ಹತ್ತು ನಿಮಿಷದ ಹಿಂದೆ ಇದೇ ಹುಡುಗ ಇದೇ ಮೆಷಿನ್ನಿನ ಬೆನ್ನು ತಟ್ಟಿ 'ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ' ಎಂದಿದ್ದ.

'ಹಾಕ್ಸು ಮಾರಾಯ, ಮೂರು ಸಾವಿರಕ್ಕೆ ಎಂತ ಮುಖ ನೋಡೋದು' ಎಂದಳು ಅಮ್ಮ. ಇಪ್ಪತ್ತೆಂಟು ಸಾವಿರ ಕೊಡಲು ಸಿದ್ಧವಾದ ಮನಸ್ಸಿಗೆ ಮೂರು ಸಾವಿರ ಚಿಲ್ಲರೆಯಂತೆ ಕಾಣುತ್ತದೆ. ಅದೇ ಮೂರು ಸಾವಿರಕ್ಕೆ ಬೇರೆ ದಿನವಾಗಿದ್ದರೆ ಅವಳು ನಾಲ್ಕು ಅಂಗಡಿ ಸುತ್ತುತ್ತಿದ್ದಳು. ಕಂತಿನಲ್ಲಿ ಕೊಳ್ಳುವವರಿಗಂತೂ ಅದು ತಿಂಗಳಿಗೆ ನೂರಿಪ್ಪತ್ತೈದು ರೂಪಾಯಿಯಾಗಿ ಕರಗಿ, ಲೆಕ್ಕಕ್ಕೇ ಸಿಗುವುದಿಲ್ಲ.

ಹುಡುಗನ ಲೆಕ್ಕವನ್ನೇ ನಂಬೋಣ. ಎಂಟು ಸಾವಿರದ ಬೋರ್ಡಿಗಾಗಿ ಮೂರು ಸಾವಿರ. ಹಾಕಿದ ದುಡ್ಡು ಕೊಂಡವರಿಗೆ ಸರಾಸರಿಯಲ್ಲಿ ವಾಪಸ್ ಬರಬೇಕಾದರೆ, ಆ ಎರಡು ವರ್ಷದಲ್ಲಿ ನೂರು ಮೆಷಿನ್ನಿನ ಪೈಕಿ ಮೂವತ್ತೇಳು ಮೂವತ್ತೆಂಟರ ಬೋರ್ಡು ಸುಡಬೇಕು. ಹಾಗೆ ಸುಡುವ ಮೆಷಿನ್ನಾದರೆ ವಾರಂಟಿಯ ಮಾತು ಹಾಗಿರಲಿ, ಮೆಷಿನ್ನನ್ನೇ ಕೊಳ್ಳಬಾರದು. ಆ ಮೂರು ಸಾವಿರದಲ್ಲಿ ಶೇ 18ರಷ್ಟು ಜಿಎಸ್‌ಟಿ ಇದೆ, ಅಂಗಡಿಯ ಪಾಲಿದೆ. ಉಳಿದದ್ದರಲ್ಲಿ ರಿಪೇರಿ ಮಾಡಿಸಿ, ಲಾಭವನ್ನೂ ಉಳಿಸಿಕೊಳ್ಳುತ್ತೇವೆಂದು ಯಾರೋ ಲೆಕ್ಕ ಹಾಕಿಯೇ ಆ ದರ ಇಟ್ಟಿರುತ್ತಾರೆ.

ಯಂತ್ರಗಳು ಕೆಡುವುದಕ್ಕೂ ಒಂದು ಕ್ರಮವಿದೆ. ಎಂಜಿನಿಯರುಗಳು ಅದರ ಗೆರೆ ಎಳೆದು ಬಾತ್‌ಟಬ್ ಕರ್ವ್ ಎಂದು ಕರೆಯುತ್ತಾರೆ, ಸ್ನಾನದ ತೊಟ್ಟಿಯ ಆಕಾರ. ತಯಾರಿಕೆಯ ದೋಷವಿದ್ದದ್ದು ಮೊದಲ ತಿಂಗಳುಗಳಲ್ಲೇ ಕೈಕೊಡುತ್ತದೆ. ಆಮೇಲೆ ತೊಟ್ಟಿಯ ತಳದಂತೆ ಉದ್ದನೆಯ ಸಪಾಟು ಕಾಲ. ಕೊನೆಗೆ ವಯಸ್ಸಾಗಿ ಮತ್ತೆ ಏರು. ಮೊದಲ ಏರನ್ನು ಕಂಪನಿಯ ಸ್ವಂತ ವಾರಂಟಿ ನೋಡಿಕೊಳ್ಳುತ್ತದೆ. ನಾವು ದುಡ್ಡು ಕೊಟ್ಟು ಕೊಳ್ಳುವ ಎರಡನೇ, ಮೂರನೇ ವರ್ಷ ಸಾಮಾನ್ಯವಾಗಿ ಬೀಳುವುದು ತೊಟ್ಟಿಯ ತಳದಲ್ಲಿ. ಮುಪ್ಪು ಬರುವ ಹೊತ್ತಿಗೆ ವಾರಂಟಿಯೂ ಇಲ್ಲ, ಕಾರ್ಡೂ ಇಲ್ಲ.

ಮೆಷಿನ್ನಿನ ಮೇಲೆ ದೊಡ್ಡದಾಗಿ ಅಂಟಿಸಿರುವ 'ಹತ್ತು ವರ್ಷ' ಬರೀ ಮೋಟರಿನದು. ಫ್ರಿಜ್, ಎಸಿಯಾದರೆ ಕಂಪ್ರೆಸರಿನದು. ಸುಲಭಕ್ಕೆ ಹೋಗದ ಭಾಗವೆಂಬ ಧೈರ್ಯದ ಮೇಲೇ ಅಷ್ಟು ವರ್ಷ ಬರೆಯುತ್ತಾರೆ. ಹೋದರೂ ಗ್ಯಾಸ್ ತುಂಬುವ ಖರ್ಚು, ಕೂಲಿ, ಬಂದು ಹೋಗುವ ಚಾರ್ಜು ಬಹುಪಾಲು ನಮ್ಮದೇ. ನಿಜವಾಗಿ ಕಾಟ ಕೊಡುವುದು ಬಾಗಿಲಿನ ರಬ್ಬರು, ನೀರು ಒಳಗೆ ಬಿಡುವ ವಾಲ್ವು, ಜೇಬಿನಲ್ಲಿ ಉಳಿದ ಪಿನ್ನು ಸಿಕ್ಕಿಕೊಳ್ಳುವ ಡ್ರೈನ್ ಪಂಪು. ಪಿನ್ನು ಸಿಕ್ಕಿದರೆ ಅದು ಬಳಸಿದವರ ತಪ್ಪು.

ನಾನು ಇಷ್ಟು ಗಟ್ಟಿಯಾಗಿ ಬೇಡ ಎಂದದ್ದಕ್ಕೆ ಹಳೆಯ ನೋವೊಂದಿದೆ. ಸಾಗರದ ಹತ್ತಿರದ ನಮ್ಮ ಮನೆಗೆ ಫ್ರಿಜ್ ತಂದಾಗ ಇದೇ ರೀತಿ ಎರಡು ವರ್ಷದ್ದು ಹಾಕಿಸಿದ್ದೆವು. ಮೂರನೇ ವರ್ಷ ಫ್ರಿಜ್ ತಣ್ಣಗಾಗುವುದು ನಿಂತಿತು. ಫೋನು ಮಾಡಿದರೆ ಮೊದಲು ಬಿಲ್ಲಿನ ಫೋಟೊ ಕಳಿಸಿ ಎಂದರು. ಬಿಸ್ಕೆಟ್ ಡಬ್ಬಿಯಲ್ಲಿ ಜೋಪಾನವಾಗಿ ಮಡಿಸಿಟ್ಟಿದ್ದ ಬಿಲ್ಲು ಬಿಡಿಸಿದರೆ ಅಚ್ಚ ಬಿಳಿ. ಥರ್ಮಲ್ ಪೇಪರಿನ ಮೇಲಿನ ಅಕ್ಷರ ಅಷ್ಟೂ ಅಳಿಸಿಹೋಗಿತ್ತು. ಅಂಗಡಿಗೆ ಹೋಗಿ ಇನ್ನೊಂದು ಪ್ರತಿ ತೆಗೆಸಿದೆ. ಐದನೇ ದಿನ ಶಿವಮೊಗ್ಗದಿಂದ ಎಪ್ಪತ್ತು ಕಿಲೋಮೀಟರು ಬೈಕಿನಲ್ಲಿ ಬಂದ ಮೆಕ್ಯಾನಿಕ್ಕು ಫ್ರಿಜ್ಜಿನ ಹಿಂದೆ ಟಾರ್ಚ್ ಬಿಟ್ಟ. ವೈರಿನ ಕೆಂಪು ಸಿಪ್ಪೆ ಚೂರುಚೂರಾಗಿ ಬಿದ್ದಿತ್ತು, ಪಕ್ಕದಲ್ಲೇ ನಾಲ್ಕು ಇಲಿ ಹಿಕ್ಕೆ. ಫೋಟೊ ತೆಗೆದು ಮೇಲಿನವರಿಗೆ ಕಳಿಸಿದ. ಚಹಾ ಕುಡಿದು ಮುಗಿಸುವುದರೊಳಗೆ ಉತ್ತರ ಬಂತು: ಇಲಿ ಕಡಿದದ್ದು ಸೇರಿಲ್ಲ.

ಆಮೇಲೆ ಷರತ್ತು ಓದಿದೆ. ಇಲಿ, ಹಲ್ಲಿ, ಇರುವೆ ಇಲ್ಲ. ಸಿಡಿಲು ಇಲ್ಲ. ವೋಲ್ಟೇಜ್ ಏರಿಳಿತ ಇಲ್ಲ. ತುಕ್ಕು ಇಲ್ಲ. ಪೇಟೆಯ ಮುನಿಸಿಪಲ್ ಗಡಿಯಿಂದ ಆಚೆಯ ಮನೆಯಾದರೆ ಮೆಕ್ಯಾನಿಕ್ಕು ಬಂದು ಹೋಗುವ ಖರ್ಚು ಗ್ರಾಹಕರದು. ಏಪ್ರಿಲ್ ಬಂತೆಂದರೆ ಗುಡುಗಿನ ಮೊದಲ ಸದ್ದಿಗೇ ಟಿವಿಯ ಪ್ಲಗ್ಗು ಕೀಳಲು ಓಡುವ ಮಲೆನಾಡಿನ ಮನೆಯಲ್ಲಿ, ಕೆಡುವ ದಾರಿಗಳೆಲ್ಲ ಆ ಪಟ್ಟಿಯಲ್ಲೇ ಮುಗಿದುಹೋಗಿದ್ದವು.

ಹಾಗಂತ ಎಲ್ಲ ವಾರಂಟಿಯೂ ಮೋಸವೆಂದು ನಾನು ಹೇಳುವುದಿಲ್ಲ. ದೊಡ್ಡ ಟಿವಿಯ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಯಾನಲ್ಲಿನದೇ ಆಗಿರುತ್ತದೆ. ಪ್ಯಾನಲ್ ಸೇರಿದೆ ಎಂದು ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಯೋಚಿಸಬಹುದು. ಇನ್ವರ್ಟರ್ ಎಸಿಯ ಬೋರ್ಡು ಹೊರಗಿನ ಯೂನಿಟ್ಟಿನಲ್ಲಿ ಬಿಸಿಲಿಗೆ ಬೇಯುತ್ತ ಕೂತಿರುತ್ತದೆ, ಅದರ ಬೆಲೆಯೂ ಕಡಿಮೆಯಲ್ಲ. ಉಡುಪಿ, ಮಂಗಳೂರಿನ ಉಪ್ಪುಗಾಳಿಗೆ ಕಾಯಿಲ್ ತೂತಾದರೆ ಮತ್ತೊಂದು ಖರ್ಚು. ಅಲ್ಲಿಯವರು ತುಕ್ಕಿನ ಷರತ್ತು ಓದಿಯೇ ಕೈಹಾಕಬೇಕು. ಒಮ್ಮೆಗೇ ಹದಿನೈದು ಸಾವಿರ ಹೊಂದಿಸಲು ಕಷ್ಟವಾಗುವ ಮನೆಯಲ್ಲಿ ಸರಾಸರಿಯ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಅದೂ ನಿಜ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮೈಕ್ರೋವೇವಿಗೆ ಮಾತ್ರ ದುಡ್ಡು ಸುರಿಯಬೇಡಿ.

ಇದಕ್ಕಿಂತ ಮುಖ್ಯವಾದದ್ದು, ಕೊಡುವವರು ಯಾರು ಎನ್ನುವುದು. ತಯಾರಿಸಿದ ಕಂಪನಿಯದೋ, ಅಂಗಡಿಯದೋ, ನಡುವಿನ ಮೂರನೆಯವರದೋ? ಕಂಪನಿಯದಾದರೆ ಅದೇ ಸರ್ವಿಸ್ ಸೆಂಟರು, ಅದೇ ಬಿಡಿಭಾಗ. ಮೂರನೆಯವರದರಲ್ಲಿ ವರ್ಷ ಕಳೆದಂತೆ ಸಾಮಾನಿನ ಬೆಲೆ ಇಳಿಸಿ ಲೆಕ್ಕ ಹಾಕುವ ಕರಾರೂ ಇರಬಹುದು. ಅನೇಕ ಕಂಪನಿಗಳು ಮೊದಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಮುಂದುವರಿಸಿಕೊಳ್ಳಲು ಬಿಡುತ್ತವೆ. ಅಂದರೆ ಹನ್ನೊಂದು ತಿಂಗಳು ಮೆಷಿನ್ನಿನ ನಡತೆ ನೋಡಿ ನಿರ್ಧರಿಸಬಹುದು. ಕೌಂಟರಿನ ಹುಡುಗ ಇದನ್ನು ಹೇಳುವುದಿಲ್ಲ. ಹೇಳಿದರೆ ಅವನಿಗೆ ಬರುವುದು ಬರುವುದಿಲ್ಲ.

ಬ್ರಿಟನ್ನಿನವರಿಗೆ ಈ ಕೌಂಟರಿನ ಕಷ್ಟ ಅರ್ಥವಾಗಿತ್ತು. ಅಲ್ಲಿ 2005ರಲ್ಲಿ ಜಾರಿಗೆ ಬಂದ ಆದೇಶದ ಪ್ರಕಾರ ಅಂಗಡಿಯವರು ವಾರಂಟಿಯ ದರವನ್ನು ಸಾಮಾನಿನ ಬೆಲೆಯ ಜೊತೆಗೇ ತೋರಿಸಬೇಕು, ಅವತ್ತೇ ಕೊಳ್ಳದವರಿಗೆ 30 ದಿನ ಅದೇ ದರ ಕಾಯ್ದಿಡಬೇಕು. ಕೊಂಡು ಬೇಡವೆನಿಸಿದರೆ 45 ದಿನದೊಳಗೆ ಪೂರ್ತಿ ಹಣ ವಾಪಸ್. ನಮ್ಮಲ್ಲಿ 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ, ಆನ್‌ಲೈನಿನಲ್ಲಿ ಕೇಳದೆಯೇ ಬುಟ್ಟಿಗೆ ಏನನ್ನೋ ಸೇರಿಸುವುದನ್ನು, ಬೇಡ ಎಂದವರನ್ನು ಬೆದರಿಸಿ ನಾಚಿಸುವುದನ್ನು ತಪ್ಪೆಂದು ಹೆಸರಿಟ್ಟು ಹೇಳುತ್ತದೆ. ವಿಮೆ ಬೇಡವೆನ್ನಲು 'ನಾನು ರಕ್ಷಣೆಯಿಲ್ಲದೆ ಇರುತ್ತೇನೆ' ಎಂಬರ್ಥದ ಗುಂಡಿ ಒತ್ತಿಸುವ ವಿಮಾನ ಟಿಕೆಟ್ ಜಾಲತಾಣವನ್ನು ಅದೇ ಉದಾಹರಣೆಯಾಗಿ ಕೊಟ್ಟಿದೆ. ಅಮ್ಮನ ಕಡೆ ತಿರುಗಿ 'ಎಂಟು ಸಾವಿರ' ಎನ್ನುವ ಹುಡುಗನಿಗೆ ಯಾವ ಮಾರ್ಗಸೂಚಿ? ದುಡ್ಡು ತೆಗೆದುಕೊಂಡು ರಿಪೇರಿ ಮಾಡದವರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಮ್ಮ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೂ ಆದೀತು. ಆದರೆ ಅಲ್ಲಿ ನಡೆಯುವುದು ಕಾಗದ. ಕೌಂಟರಿನ ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ಹಾಗಾಗಿ ಹುಡುಗನನ್ನು ಷರತ್ತಿನ ಕಾಗದ ಕೇಳಿದೆ. ನಗುವ ಕುಟುಂಬದ ಚಿತ್ರವಿದ್ದ ಬಣ್ಣದ ಹಾಳೆ ಕೊಟ್ಟ. ಇದಲ್ಲ, ಷರತ್ತು ಎಂದೆ. 'ಅದು ಪೇಮೆಂಟ್ ಆದ್ಮೇಲೆ ಮೇಲ್‌ಗೆ ಬರುತ್ತೆ ಸಾರ್.'

ಬೇಡ ಎಂದೆ. ಅಮ್ಮ ಮುಖ ಊದಿಸಿಕೊಂಡಳು. ಮೂರು ಸಾವಿರದಲ್ಲಿ ಸ್ವಲ್ಪ ದುಡ್ಡು ಎಲೆಕ್ಟ್ರಿಷಿಯನ್ನಿಗೆ ಹೋಯಿತು: ಅರ್ಥಿಂಗ್ ಗುಂಡಿ ಬಿಚ್ಚಿಸಿ ಹೊಸದಾಗಿ ಉಪ್ಪು, ಇದ್ದಿಲು ತುಂಬಿಸಿದೆವು. ಬೇಸಿಗೆಯಲ್ಲಿ ಅದಕ್ಕೆ ದಿನಾ ಒಂದು ಕೊಡ ನೀರು ಹಾಕುವ ಕೆಲಸ ನನ್ನದು. ಮೆಷಿನ್ನಿನ ಬುಡಕ್ಕೆ ಇಲಿ ನುಗ್ಗದ ಹಾಗೆ ತಂತಿಬಲೆಯೂ ಬಂತು.

ಅಂಗಡಿಯಿಂದ ಹೊರಬಿದ್ದ ತಕ್ಷಣ ಅಮ್ಮ ಮಾತಾಡದೆ ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಹೋಗಿದ್ದಳು. ಬಿಲ್ಲಿನದು ಎರಡು ಪ್ರತಿ, ಕಂಪನಿಯ ವಾರಂಟಿ ಕಾರ್ಡಿನದು ಎರಡು. ಎಂಟು ರೂಪಾಯಿ ಕೊಟ್ಟು, ನನ್ನ ಕಡೆ ನೋಡದೆಯೇ ಅಷ್ಟನ್ನೂ ಬ್ಯಾಗಿಗೆ ಸೇರಿಸಿಕೊಂಡಳು.