ಬೂತಾಯಿ ಮೀನಿನ ಜಾತಕ

ಪಡುವಣ ಕಡಲಿನ ಯಾವುದಾದರೊಂದು ದಕ್ಕೆಯಲ್ಲಿ ಮುಂಜಾವಿನಲ್ಲಿ ನಿಂತು ನೋಡಿದವರಿಗೆ, ದೋಣಿಗಳಿಂದ ಇಳಿಯುವ ಬುಟ್ಟಿಗಳ ಸಾಲು, ಹರಾಜಿನ ಕೂಗು, ಮಂಜುಗಡ್ಡೆ ಒಡೆಯುವ ಸದ್ದು, ಇವೆಲ್ಲವುಗಳ ನಡುವೆ ಒಂದು ಮೂಲೆಯಲ್ಲಿ ಕುಳಿತು, ಬುಟ್ಟಿಯಿಂದ ದೊಡ್ಡದು ಚಿಕ್ಕದೆಂದು ಆರಿಸದೆ ಹಿಡಿಮೀನನ್ನೆತ್ತಿಕೊಂಡು, ಅಳತೆಯ ಹಲಗೆಯ ಮೇಲೆ ಒಂದೊಂದನ್ನೇ ಮಲಗಿಸಿ ಮೂತಿಯಿಂದ ಬಾಲದ ತುದಿಯವರೆಗೆ ಅಳೆದು ಬರೆದುಕೊಳ್ಳುವ ಸಂಶೋಧಕನೊಬ್ಬನು ಒಮ್ಮೊಮ್ಮೆ ಕಾಣಸಿಗುತ್ತಾನೆ. "ಏನು ಮಾರಾಯ್ರೆ, ಮೀನಿಗೆ ಅಂಗಿ ಹೊಲಿಸ್ತೀರಾ?" ಎಂದು ಮೀನು ಮಾರುವ ಹೆಂಗಸೊಬ್ಬಳು ಅಂಥವನೊಬ್ಬನನ್ನು ಕೇಳಿದುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆತನು ನಕ್ಕು, ಸಣ್ಣ ಕತ್ತರಿಯಿಂದ ಮೀನಿನ ಹೊಟ್ಟೆಯನ್ನು ಸೀಳಿ ಆಕೆಗೆ ತೋರಿಸಿದನು. ಒಂದರಲ್ಲಿ ಅಂಡಾಶಯವು ನೂಲಿನೆಳೆಯಷ್ಟು ತೆಳುವಾಗಿ ಬೆಳ್ಳಗಿತ್ತು. ಇನ್ನೊಂದರಲ್ಲಿ ಹೊಟ್ಟೆಯನ್ನೆಲ್ಲ ವ್ಯಾಪಿಸಿ, ಹಳದಿಯ ಬಣ್ಣಕ್ಕೆ ತಿರುಗಿ, ಕಾಳುಕಾಳಾಗಿ ತುಂಬಿತ್ತು. ಮೊದಲಿನದು ಇನ್ನೂ ಮೊಟ್ಟೆಯಿಡದ ಮೀನು. ಎರಡನೆಯದು ಇಂದೋ ನಾಳೆಯೋ ಇಡಲಿದ್ದುದು. ಆಕೆಯು ಎರಡನ್ನೂ ಬಹಳ ಹೊತ್ತು ನೋಡಿದಳು.

ತುಳುವರು ಬೂತಾಯಿಯೆಂದೂ, ಉತ್ತರ ಕನ್ನಡದವರು ತಾರ್ಲೆಯೆಂದೂ, ಮಲಯಾಳಿಗಳು ಮತ್ತಿಯೆಂದೂ ಕರೆಯುವ ಈ ಮೀನು ಕರಾವಳಿಯ ಬಡವರ ಅನ್ನದ ಜೊತೆಗಾರ. ಶತಮಾನದ ಹಿಂದೆ ಇದರ ಎಣ್ಣೆಯೂ ಗೊಬ್ಬರವೂ ಮಲಬಾರು ಮತ್ತು ದಕ್ಷಿಣ ಕನ್ನಡಗಳ ದೊಡ್ಡ ವ್ಯಾಪಾರವಾಗಿದ್ದುವು. ಒಂದು ವರ್ಷ ದಡದ ಮೇಲೆ ಸುರಿದು ಕೊಳೆಯುವಷ್ಟು ದೊರೆತು, ಮತ್ತೊಂದು ವರ್ಷ ಕಣ್ಣಿಗೂ ಕಾಣದಂತೆ ಮಾಯವಾಗುವ ಇದರ ಚಂಚಲ ಸ್ವಭಾವವೇ ವಿಜ್ಞಾನಿಗಳನ್ನು ಇದರತ್ತ ಸೆಳೆಯಿತು. ಮದ್ರಾಸ್ ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಅವರು 1924ರಲ್ಲಿ ಇದರ ಜೀವನವೃತ್ತಾಂತವನ್ನು ಪ್ರಕಟಿಸಿದರು. 1940ರ ದಶಕದಲ್ಲಿ ಮೀನು ಕ್ಷೀಣಿಸಿದಾಗ, ದಕ್ಷಿಣ ಕನ್ನಡವನ್ನೂ ಆಗ ಒಳಗೊಂಡಿದ್ದ ಮದ್ರಾಸ್ ಪ್ರಾಂತದ ಸರ್ಕಾರವು ಮರಿಗಳನ್ನು ಬಾಚುವ ಕೆಲವು ಬಲೆಗಳಿಗೆ 1943ರಲ್ಲಿ ಕಡಿವಾಣ ಹಾಕಿತು. ಮೀನಿನ ಜೀವನವನ್ನು ಅರಿತು ಬಲೆಗೆ ನಿಯಮ ಹಾಕುವ ಮಾತು, ಹಾಗಾದರೆ, ನಮ್ಮ ಕರಾವಳಿಗೆ ನಿನ್ನೆ ಮೊನ್ನೆಯದಲ್ಲ.

ಬೂತಾಯಿಯ ಜಾತಕವನ್ನು ಬರೆಯುವುದು ಮುಂಗಾರು. ಮಳೆಗಾಲದ ಗಾಳಿಯ ಒತ್ತಡಕ್ಕೆ ಕಡಲಿನ ಮೇಲ್ನೀರು ದಡದಿಂದ ದೂರ ಸರಿದಾಗ, ಆಳದ ತಣ್ಣನೆಯ, ಪೋಷಕ ಲವಣಗಳಿಂದ ಸಮೃದ್ಧವಾದ ನೀರು ಆ ತೆರವನ್ನು ತುಂಬಲು ಮೇಲೇರಿ ಬರುತ್ತದೆ. ಆ ನೀರಿಗೆ ಬಿಸಿಲು ತಗುಲಿದೊಡನೆ ಬರಿಗಣ್ಣಿಗೆ ಕಾಣದ ಏಕಕೋಶ ಸಸ್ಯಗಳಾದ ಡಯಾಟಮ್‌ಗಳು ಕೋಟಿಕೋಟಿಯಾಗಿ ಬೆಳೆಯುತ್ತವೆ. ಅವನ್ನು ಕಿವಿರಿನ ಜಾಲರಿಯಿಂದ ಸೋಸಿ ತಿನ್ನುವ ಬೂತಾಯಿಯು ಅದೇ ಋತುವಿನಲ್ಲಿ ಮೊಟ್ಟೆಯಿಡುತ್ತದೆ. ಫ್ರಾಜಿಲೇರಿಯಾ ಎಂಬ ಒಂದು ಜಾತಿಯ ಡಯಾಟಮ್ ಹುಲುಸಾಗಿ ಬೆಳೆದ ವರ್ಷ ಬೂತಾಯಿಯೂ ಹುಲುಸಾಗಿರುತ್ತದೆಂದು ನಾಯರ್ ಮತ್ತು ಸುಬ್ರಹ್ಮಣ್ಯನ್ ಅವರು 1955ರಲ್ಲಿ ತೋರಿಸಿಕೊಟ್ಟರು. ನಮ್ಮ ಹಿರಿಯರು ಮಳೆಗಾಲದಲ್ಲಿ ಕಡಲಿಗೆ ಇಳಿಯದೆ, ಶ್ರಾವಣದ ಹುಣ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿಯನ್ನು ನೀರಿಗೆ ನೂಕುತ್ತಿದ್ದುದು ಅಲೆಗಳ ಅಂಜಿಕೆಯಿಂದಲೇ ಇರಬಹುದು. ಆದರೆ ಆ ಅಂಜಿಕೆಯು ಮೀನಿಗೆ ಹೆರಿಗೆಯ ಬಿಡುವನ್ನು ಕೊಟ್ಟಿತು. ಯಂತ್ರದೋಣಿಗಳು ಬಂದು ಅಲೆಗಳ ಭಯವು ಕಳೆದ ಮೇಲೆ ಆ ಬಿಡುವನ್ನು ಕಾನೂನಿನಿಂದಲೇ ಕೊಡಬೇಕಾಯಿತು. ಪಶ್ಚಿಮ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ.

ಇಲ್ಲಿ ದೂರದ ನಾರ್ವೆಯ ಒಂದು ಸಂಗತಿಯನ್ನು ನೆನೆಯಲೇಬೇಕು. ಯೋಹಾನ್ ಯೋರ್ಟ್ ಎಂಬ ವಿದ್ವಾಂಸನು ಹೆರ್ರಿಂಗ್ ಮೀನಿನ ಹುರುಪೆಯ ಮೇಲಿನ ಬಳೆಗಳನ್ನು, ಮರದ ಕಾಂಡದ ಬಳೆಗಳನ್ನು ಎಣಿಸುವಂತೆ, ಎಣಿಸಿ ವಯಸ್ಸನ್ನು ಗುರುತಿಸಿದಾಗ, 1904ನೆಯ ಒಂದೇ ವರ್ಷದಲ್ಲಿ ಹುಟ್ಟಿದ ಮೀನುಗಳು ಮುಂದಿನ ಅನೇಕ ವರ್ಷಗಳ ಕಾಲ ಅಲ್ಲಿನ ಬಲೆಗಳನ್ನು ತುಂಬುತ್ತಿದ್ದುದು ಕಂಡುಬಂದಿತು. ಮರಿಗಳು ಆಹಾರ ಸಿಗದೆ ಸಾಯುವ ಮೊದಲ ಕೆಲವು ದಿನಗಳೇ ಒಂದು ಪೀಳಿಗೆಯ ಹಣೆಬರಹವನ್ನು ನಿರ್ಣಯಿಸುತ್ತವೆಂದು ಆತನು 1914ರಲ್ಲಿ ಊಹಿಸಿದನು. ಆದರೆ ಹೆರ್ರಿಂಗ್ ದೀರ್ಘಾಯುಷಿ. ಒಂದು ಒಳ್ಳೆಯ ಬೆಳೆ ಬಂದರೆ ಅದರ ಕಣಜವು ಹತ್ತು ವರ್ಷಕ್ಕೂ ಉಳಿದೀತು. ನಮ್ಮ ಬೂತಾಯಿಯ ಆಯುಸ್ಸು ಎರಡು ಮೂರು ವರ್ಷ ಮಾತ್ರ. ಅದಕ್ಕೆ ಕಣಜವಿಲ್ಲ, ಈ ವರ್ಷದ ಬಿತ್ತನೆಯೇ ಬರುವ ವರ್ಷದ ಕೊಯ್ಲು. ಆದುದರಿಂದ ಮುಂಗಾರು ಮುನಿದ ವರ್ಷ ಉಳಿದ ಅಲ್ಪಸ್ವಲ್ಪ ತಾಯಿಮೀನುಗಳನ್ನೂ ನಾವು ಬಳಿದು ತಂದರೆ, ಒಳ್ಳೆಯ ಮುಂಗಾರು ಮತ್ತೆ ಬಂದಾಗ ಬಿತ್ತುವುದಕ್ಕೆ ಕಾಳೇ ಇರುವುದಿಲ್ಲ.

ಇದು ಬರಿಯ ತರ್ಕವಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಸೇರಿದುದು 3,300 ಟನ್ನಿನ ಆಸುಪಾಸು. ತಪ್ಪು ಕಡಲಿನದೋ ಬಲೆಯದೋ ಎಂಬ ವಾದವು ದಕ್ಕೆಗಳಲ್ಲಿ ಇನ್ನೂ ಮುಗಿದಿಲ್ಲ. ಎರಡೂ ಇವೆಯೆಂಬುದೇ ನನ್ನ ಮತ. ಕಡಲಿನ ಬಿಸಿಯನ್ನೂ ಗಾಳಿಯ ಗತಿಯನ್ನೂ ತಿದ್ದುವ ಶಕ್ತಿ ಯಾವ ಇಲಾಖೆಗೂ ಇಲ್ಲ. ಬಲೆಯ ಕಣ್ಣನ್ನು ಹಿಗ್ಗಿಸುವ ಶಕ್ತಿ ಇದೆ. ಎಷ್ಟು ಹಿಗ್ಗಿಸಬೇಕು, ಯಾವ ತಿಂಗಳಲ್ಲಿ ತಡೆಯಬೇಕು, ಎಷ್ಟುದ್ದದ ಮೀನನ್ನು ಮುಟ್ಟಬಾರದು ಎಂಬುದನ್ನು ಹೇಳಬಲ್ಲುದು ಆ ಅಳತೆಯ ಹಲಗೆಯೊಂದೇ. ಕೇರಳವು 2015ರಲ್ಲಿ ಮೀನುಗಳಿಗೆ ಕನಿಷ್ಠ ಉದ್ದವನ್ನು ವಿಧಿಸತೊಡಗಿ, ಬೂತಾಯಿಗೆ 10 ಸೆಂಟಿಮೀಟರನ್ನು ಗೊತ್ತುಪಡಿಸಿತು. ಅದು ಸ್ತುತ್ಯವಾದ ಆರಂಭ. ಆದರೆ ಬೂತಾಯಿಯು ಮೊದಲ ಬಾರಿ ಮೊಟ್ಟೆಯಿಡುವುದು ಸುಮಾರು 15 ಸೆಂಟಿಮೀಟರು ಬೆಳೆದ ಬಳಿಕ. ಈ ಐದು ಸೆಂಟಿಮೀಟರುಗಳ ನಡುವಿನ ಮೀನು, ಕಾನೂನಿಗೆ ಪ್ರಾಪ್ತವಯಸ್ಕವಾದರೂ, ಕಡಲಿಗೆ ಇನ್ನೂ ಕೂಸು. ಮನುಷ್ಯನ ಬಾಯಿಗೂ ಬೀಳದೆ ಮೀನುಹುಡಿಯ ಕಾರ್ಖಾನೆಗಳಿಗೆ ಸಾಗುವ ಮರಿಗಳನ್ನು ಕಂಡಾಗಲಂತೂ ಹೊಟ್ಟೆ ಉರಿಯುತ್ತದೆ.

ಅಂದು ದಕ್ಕೆಯಲ್ಲಿ ಆ ಹೆಂಗಸು ಕೊನೆಗೆ ಹೇಳಿದುದು ಇಷ್ಟೇ: "ಇದನ್ನು ಬಲೆ ಹಾಕುವವರಿಗೆ ತೋರಿಸಿ, ನನಗಲ್ಲ." ಆಕೆಯ ಮಾತಿನಲ್ಲಿ ನ್ಯಾಯವಿದೆ. ಸಂಶೋಧಕರು ಅಳೆದುದೆಲ್ಲವೂ ವರದಿಗಳ ಪುಟದಲ್ಲಿಯೇ ಉಳಿಯದೆ, ಮೀನುಗಾರರ ಸಹಕಾರ ಸಂಘಗಳ ಸಭೆಗಳಿಗೆ, ಅವರ ಆಡುಮಾತಿನಲ್ಲಿ, ಸೀಳಿದ ಮೀನಿನ ಸಮೇತ ಹೋಗಬೇಕು. ಕೊಳ್ಳುವ ನಮ್ಮದೂ ಒಂದು ಪಾಲುಂಟು. ಮೀನು ತರಲು ಪೇಟೆಗೆ ಹೋದಾಗ, ಬೆರಳಿನುದ್ದದ ಬೂತಾಯಿಯನ್ನು ತಕ್ಕಡಿಗೆ ಹಾಕಬಂದರೆ, ದಯವಿಟ್ಟು ಬೇಡವೆನ್ನಿರಿ.