ಘಾಟಿ ಇಳಿಯುವಾಗ ‘ನ್ಯೂಟ್ರಲ್’

ಕೊಯ್ಲು ಮುಗಿದು ಮಾಲು ಸಾಗಿಸುವ ಕಾಲ ಬಂತೆಂದರೆ ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಮೂಟೆ ಹೇರಿದ ಜೀಪು, ಪಿಕಪ್ಪುಗಳು ಸದ್ದಿಲ್ಲದೆ ಜಾರಿ ಬರುವುದನ್ನು ಕಾಣುತ್ತೇವೆ. ಗೇರು ‘ನ್ಯೂಟ್ರಲ್’ನಲ್ಲಿರುವುದೇ ಇದಕ್ಕೆ ಕಾರಣ. ಕೇಳಿದರೆ, ‘ಡೀಸೆಲ್ ಉಳಿಯುತ್ತದಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಸದಸ್ಯ ಬಾಂಧವರಲ್ಲಿಯೂ ಅನೇಕರು ಹೀಗೆಯೇ ನಂಬಿರುವುದರಿಂದ ಈ ಪದದ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯವೆನಿಸಿತು.

ನ್ಯೂಟ್ರಲ್ ಎಂದರೆ ತಟಸ್ಥ, ಯಾವ ಪಕ್ಷಕ್ಕೂ ಸೇರದ್ದು. ಎಂಜಿನ್ ತನ್ನ ಪಾಡಿಗೆ, ಚಕ್ರ ತನ್ನ ಪಾಡಿಗೆ. ಗೇರ್ ಪೆಟ್ಟಿಗೆಯೊಳಗೆ ಇವೆರಡರ ಸಂಬಂಧ ಕಡಿದಿರುತ್ತದೆ. ಗಾಡಿ ಸ್ಟಾರ್ಟ್ ಮಾಡಲು, ನಿಂತಲ್ಲಿ ಎಂಜಿನ್ ಓಡಿಸಲು, ಕೆಟ್ಟ ಗಾಡಿಯನ್ನು ತಳ್ಳಲು ಇದು ಬೇಕು. ಇಳಿಜಾರಿಗೆ ಹೇಳಿದ್ದಲ್ಲ.

ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಅದರಿಂದ ವೇಗ ತಗ್ಗುತ್ತದೆ. ನ್ಯೂಟ್ರಲ್‌ನಲ್ಲಿ ಈ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಲೆಕ್ಕ ಹಾಕಿ ನೋಡಿದೆವು. ಮಾಲು ಸೇರಿ 2500 ಕಿಲೋ ತೂಗುವ ಪಿಕಪ್ 500 ಮೀಟರ್ ಎತ್ತರ ಇಳಿಯುವಾಗಿನ ಶಕ್ತಿಯೆಲ್ಲ ಶಾಖವಾದರೆ 35 ಲೀಟರ್ ತಣ್ಣೀರು ಕುದಿ ಬರಲು ಸಾಕು. ಬಚ್ಚಲ ಹಂಡೆಯ ಕೆಲಸ! ಗಾಳಿಗೆ ಹೋಗುವಷ್ಟು ಹೋಗಿ ಉಳಿದ ಬಿಸಿಯನ್ನೆಲ್ಲ ಬ್ರೇಕೇ ತಡೆಯಬೇಕು. ಬಿಸಿ ಮಿತಿಮೀರಿದರೆ ಲೈನರು ಹಿಡಿಯುವುದಿಲ್ಲ. ಬ್ರೇಕ್ ಆಯಿಲ್ ಕುದಿದು ಆವಿಯಾದರೆ ಪೆಡಲು ತಳ ಮುಟ್ಟುತ್ತದೆ. ಆಗ ಗಾಬರಿಯಲ್ಲಿ ಗೇರು ಹಾಕಹೋದರೆ ಕರಕರ ಎನ್ನುವುದೇ ಹೊರತು ಬೀಳುವುದು ಕಷ್ಟ.

ಇನ್ನು ಉಳಿತಾಯದ ಮಾತು. ಈಗಿನ ಇಂಜೆಕ್ಷನ್ ವಾಹನಗಳು ಗೇರಿನಲ್ಲಿ ಇಳಿಯುತ್ತಿರುವಾಗ ಕಾಲು ತೆಗೆದರೆ ಎಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೋ, ಎಂಜಿನ್ ಆರದಂತೆ ಇಂಧನ ಉರಿಸುತ್ತಲೇ ಇರಬೇಕು. ಹಳೆಯ ಡೀಸೆಲ್ ಜೀಪಿನ ಪಂಪಿನಲ್ಲಿರುವ ಗವರ್ನರ್ ಕೂಡ ಹೀಗೆಯೇ ಡೀಸೆಲ್ ತಡೆಯುತ್ತದೆ. ಅಷ್ಟಿಷ್ಟು ಉಳಿಯುತ್ತಿದ್ದುದು ಕಾರ್ಬ್ಯುರೇಟರ್ ಇದ್ದ ಪೆಟ್ರೋಲ್ ಗಾಡಿಗಳಲ್ಲಿ. ಮಾತು ಅಲ್ಲಿಂದ ಬಂದು ಉಳಿದುಕೊಂಡಿದೆ.

ಕೀಲಿಯನ್ನೇ ಆರಿಸಿ ಇಳಿಯುವವರೂ ಇದ್ದಾರೆ. ಅವರ ಧೈರ್ಯಕ್ಕೆ ಏನೆನ್ನೋಣ! ಎಂಜಿನ್ ನಿಂತ ಮೇಲೆ ಬ್ರೇಕಿನ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬರಿದಾಗುತ್ತದೆ, ಪವರ್ ಸ್ಟಿಯರಿಂಗ್ ಬಿಗಿಯುತ್ತದೆ. ಕೀಲಿ ಹೊರಗೆಳೆದರೆ ಸ್ಟಿಯರಿಂಗೇ ಲಾಕ್ ಆದೀತು.

ಹತ್ತಲು ಎರಡನೇ ಗೇರು ಬೇಕಾದ ಕಡೆ ಇಳಿಯಲೂ ಎರಡನೆಯದೇ ಇರಲಿ. ಇಳಿಜಾರಿಗೆ ಮೊದಲೇ ಅದನ್ನು ಹಾಕಿಕೊಳ್ಳಬೇಕು. ಆಟೋಮ್ಯಾಟಿಕ್ ವಾಹನಗಳಲ್ಲಿ ‘ಎನ್’ ಎಂಬ ಗುರುತೇ ನ್ಯೂಟ್ರಲ್. ಅಲ್ಲಿಯೂ ಇದೇ ಮಾತು. ಬಾಡಿಗೆ ಪಿಕಪ್ಪಿನಲ್ಲಿ ಮಾಲು ಕಳುಹಿಸುವ ಸದಸ್ಯರು ಮೂಟೆ ಹೇರಿಸುವಾಗಲೇ ಚಾಲಕನಿಗೆ ಇದನ್ನು ತಿಳಿಸಬೇಕೆಂದು ಕೋರುತ್ತೇವೆ.